ಹಳೆಯ ಗಣಕಕ್ಕೊಂದು ಕಿರುಬಾಗಿಲು

ಪ್ರವೇಶ

ಯಂತ್ರವು ಎಷ್ಟೇ ಸಮರ್ಥವಾಗಿದ್ದರೂ ಅದರ ಸಾಮರ್ಥ್ಯವು ಮನುಷ್ಯನ ಕೈಗೆ ಎಟುಕುವಂತಿರಬೇಕು. ಗಣಕಯಂತ್ರದ ಬಳಕೆಯನ್ನು ಸುಲಭಗೊಳಿಸಿದ ಪುಟ್ಟ ತಂತ್ರಾಂಶಗಳ ಸ್ವರೂಪವನ್ನೂ, ಅವು ಜನರ ನಡುವೆ ಹರಡಿದ ವಿಶಿಷ್ಟ ರೀತಿಯನ್ನೂ, ಕನ್ನಡಕ್ಕೆ ಅವುಗಳಿಂದಾದ ಉಪಕಾರವನ್ನೂ ಈ ಪಾಠವು ಪರಿಚಯಿಸುತ್ತದೆ.

ಪಾಠ

ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ನಡುವೆ ಧುಮ್ಮಿಕ್ಕಿ ಹರಿಯುತ್ತಾಳೆ. ದಡದಲ್ಲಿ ಕೋದಂಡರಾಮನ ದೇವಾಲಯವಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ನೆರೆಯುವ ದನಗಳ ಜಾತ್ರೆ ಸುತ್ತಣ ಸೀಮೆಗೆಲ್ಲ ಹೆಸರಾದುದು. ಮಳೆಗಾಲದಲ್ಲಿ ಜಲಪಾತದ ಭೋರ್ಗರೆತವನ್ನು ಕಂಡು ಬೆರಗಾಗಲು ಬರುವವರು ಬಹಳ ಮಂದಿ. ಆದರೆ ಆ ಸೀಮೆಯ ಬೇಸಾಯಗಾರನಿಗೆ ಜಲಪಾತಕ್ಕಿಂತ ನಾಲೆಯ ತೂಬೇ ಹೆಚ್ಚಿನದು. ತೂಬು ನದಿಗೆ ಒಂದು ಹನಿ ನೀರನ್ನೂ ಹೊಸದಾಗಿ ಸೇರಿಸುವುದಿಲ್ಲ. ಇರುವ ನೀರನ್ನು ಬೇಕಾದ ಗದ್ದೆಗೆ, ಬೇಕಾದ ಹೊತ್ತಿಗೆ ಮುಟ್ಟಿಸುತ್ತದೆ. ಅಷ್ಟರಿಂದಲೇ ಭತ್ತ ಬೆಳೆಯುತ್ತದೆ, ಮನೆ ನಡೆಯುತ್ತದೆ.

ಗಣಕಯಂತ್ರದ ಕಥೆಯೂ ಇಂತಹುದೇ. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅಲ್ಲಿಂದ ಮುಂದೆ ಗಣಕವು ದೊಡ್ಡ ಕಚೇರಿಗಳ ತಂಪು ಕೊಠಡಿಗಳಿಂದ ಹೊರಬಂದು ಸಾಮಾನ್ಯರ ಮೇಜನ್ನು ಏರತೊಡಗಿತು. ಆದರೆ ಅದನ್ನು ನಡೆಸುವುದು ಸುಲಭವಾಗಿರಲಿಲ್ಲ. ಆಗಿನ ಡಾಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಇಂದಿನಂತೆ ಚಿತ್ರಗಳಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಅಕ್ಷರ, ಅದರ ಮುಂದೆ ಮಿನುಗುವ ಒಂದು ಗೆರೆ, ಇಷ್ಟೇ ಕಾಣುತ್ತಿದ್ದುದು. ಪತ್ರವೊಂದನ್ನು ಬರೆಯಬೇಕಾದವನು ಮೊದಲು ಬರವಣಿಗೆಯ ತಂತ್ರಾಂಶವಿರುವ ಕೋಶದ ಹೆಸರನ್ನು ಆಜ್ಞೆಯೊಡನೆ ಟೈಪು ಮಾಡಬೇಕು. ಅನಂತರ ತಂತ್ರಾಂಶದ ಹೆಸರನ್ನು ಟೈಪು ಮಾಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿಯೇ ಆಗಬೇಕು. ಒಂದು ಅಕ್ಷರ ತಪ್ಪಿದರೂ ಯಂತ್ರವು ಆಜ್ಞೆ ಸರಿಯಿಲ್ಲವೆಂದು ಹೇಳಿ ಸುಮ್ಮನಾಗುತ್ತಿತ್ತು.

ಈ ತೊಡಕಿಗೆ ಪರಿಹಾರವಾಗಿ ಬಂದುದು ಮೆನು, ಎಂದರೆ ಆಯ್ಕೆಪಟ್ಟಿ. ಹೋಟೆಲಿನ ಗೋಡೆಯ ಮೇಲೆ ತಿಂಡಿಗಳ ಪಟ್ಟಿ ಬರೆದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಡುಗೆಮನೆಯಲ್ಲಿ ಏನಿದೆಯೆಂದು ಗಿರಾಕಿಯು ಒಳಹೊಕ್ಕು ಹುಡುಕಬೇಕಾಗಿಲ್ಲ. ಪಟ್ಟಿಯನ್ನು ನೋಡಿ ಕೇಳಿದರೆ ಸಾಕು. ಡಾಸ್ ಗಣಕದಲ್ಲಿಯೂ ಇಂತಹ ಪಟ್ಟಿಯನ್ನು ಮಾಡಿಕೊಳ್ಳಲು ಬರುತ್ತಿತ್ತು. ಹಲವು ಆಜ್ಞೆಗಳನ್ನು ಒಂದರ ಕೆಳಗೊಂದರಂತೆ ಬರೆದಿಟ್ಟ ಕಡತಕ್ಕೆ ಬ್ಯಾಚ್ ಕಡತವೆಂದು ಹೆಸರು. ‘1’ ಎಂಬ ಹೆಸರಿನ ಬ್ಯಾಚ್ ಕಡತದಲ್ಲಿ ಪತ್ರ ಬರೆಯುವ ತಂತ್ರಾಂಶವನ್ನು ತೆರೆಯುವ ಆಜ್ಞೆಗಳನ್ನೂ, ‘2’ ಎಂಬುದರಲ್ಲಿ ಲೆಕ್ಕದ ತಂತ್ರಾಂಶವನ್ನು ತೆರೆಯುವ ಆಜ್ಞೆಗಳನ್ನೂ ಬರೆದಿಡುತ್ತಿದ್ದರು. ಗಣಕವು ಎಚ್ಚತ್ತೊಡನೆ ಪರದೆಯ ಮೇಲೆ ಈ ಕೆಲಸಗಳ ಪಟ್ಟಿ ಮೂಡುವಂತೆ ಏರ್ಪಡಿಸುತ್ತಿದ್ದರು. ಬಳಸುವವನು ಒಂದು ಅಂಕಿಯನ್ನು ಒತ್ತಿ ಎಂಟರ್ ಕೀಲಿಯನ್ನು ತಟ್ಟಿದರೆ ಕೆಲಸ ಮೊದಲಾಗುತ್ತಿತ್ತು. ಕಂಠಪಾಠದ ಭಾರವು ಇಳಿಯಿತು.

ಇದಕ್ಕಿಂತ ಜಾಣ್ಮೆಯ ಇನ್ನೊಂದು ಬಗೆಯೂ ಇತ್ತು. ಡಾಸ್ ಸಾಮಾನ್ಯವಾಗಿ ಒಮ್ಮೆಗೆ ಒಂದೇ ತಂತ್ರಾಂಶವನ್ನು ನಡೆಸುತ್ತಿತ್ತು. ಪತ್ರ ಬರೆಯುವಾಗ ನಡುವೆ ಒಂದು ಲೆಕ್ಕ ಮಾಡಬೇಕೆಂದರೆ ಪತ್ರವನ್ನು ಮುಚ್ಚಿ ಹೊರಬರಬೇಕಾಗಿತ್ತು. ಆಗ ‘ನೆಲೆಸಿರುವ ತಂತ್ರಾಂಶ’ಗಳು ಹುಟ್ಟಿಕೊಂಡವು. 1984ರಲ್ಲಿ ಬೋರ್ಲ್ಯಾಂಡ್ ಸಂಸ್ಥೆಯು ಹೊರತಂದ ಸೈಡ್‌ಕಿಕ್ ಎಂಬುದು ಇವುಗಳಲ್ಲಿ ಪ್ರಸಿದ್ಧವಾದುದು. ಇಂತಹ ತಂತ್ರಾಂಶವು ಒಮ್ಮೆ ಎಚ್ಚತ್ತು, ಸ್ಮೃತಿಯ ಒಂದು ಮೂಲೆಯಲ್ಲಿ ಕುಳಿತುಬಿಡುತ್ತಿತ್ತು. ಅಲ್ಲಿಂದ ಅದು ಕೀಲಿಮಣೆಯಿಂದ ಬರುವ ಒಂದೊಂದು ಸಂಕೇತವನ್ನೂ ಗಮನಿಸುತ್ತಿತ್ತು. ಗೊತ್ತುಮಾಡಿದ ಕೀಲಿಗಳನ್ನು ಒತ್ತಿದೊಡನೆ, ಆಗ ಪರದೆಯ ಮೇಲಿದ್ದುದನ್ನೆಲ್ಲ ಜೋಪಾನವಾಗಿ ತೆಗೆದಿಟ್ಟು, ತನ್ನ ಪಟ್ಟಿಯನ್ನು ತೋರಿಸುತ್ತಿತ್ತು. ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಸರಿಸಿ, ಹಿಂದಿನ ಪರದೆಯನ್ನು ಇದ್ದಂತೆಯೇ ಮರಳಿ ಒಪ್ಪಿಸುತ್ತಿತ್ತು. ಕರೆದಾಗ ಬರುವುದು, ಕೆಲಸ ಮುಗಿದೊಡನೆ ಮರೆಗೆ ಸರಿಯುವುದು. ಒಳ್ಳೆಯ ಸೇವಕನ ಲಕ್ಷಣವೇ ಅದು.

ಆದರೆ ಈ ಸೌಕರ್ಯಕ್ಕೂ ಬೆಲೆಯಿತ್ತು. ಡಾಸ್ ತಂತ್ರಾಂಶಗಳಿಗೆ ನೇರವಾಗಿ ದೊರೆಯುತ್ತಿದ್ದ ಸ್ಮೃತಿಯು 640 ಕಿಲೋಬೈಟ್ ಮಾತ್ರ. ಇಂದಿನ ಕೈಫೋನಿನಲ್ಲಿ ತೆಗೆದ ಒಂದು ಚಿತ್ರವೇ ಇದಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ನೆಲೆಸಿರುವ ತಂತ್ರಾಂಶಗಳು ಹೆಚ್ಚಾದಷ್ಟೂ ಮುಖ್ಯ ಕೆಲಸಕ್ಕೆ ಉಳಿಯುವ ಜಾಗವು ಕಡಮೆಯಾಗುತ್ತಿತ್ತು. ಎರಡು ತಂತ್ರಾಂಶಗಳು ಒಂದೇ ಕೀಲಿಗೆ ಕಾದು ಕುಳಿತರೆ ಯಂತ್ರವೇ ಸ್ತಬ್ಧವಾಗುವುದೂ ಇತ್ತು. ಆದುದರಿಂದ ಇವುಗಳನ್ನು ರಚಿಸುವವರು ಒಂದೊಂದು ಬೈಟನ್ನೂ ಲೆಕ್ಕವಿಟ್ಟು ಬಳಸಬೇಕಾಗಿತ್ತು. ಬಡತನವು ಮಿತವ್ಯಯವನ್ನು ಕಲಿಸುವಂತೆ, ಯಂತ್ರದ ಕೊರತೆಯು ರಚನೆಕಾರರಿಗೆ ಅಚ್ಚುಕಟ್ಟನ್ನು ಕಲಿಸಿತು.

1995ರಲ್ಲಿ ವಿಂಡೋಸ್ 95 ಬಂದಾಗ ಪರದೆಯ ಕೆಳಗಿನ ಮೂಲೆಯಲ್ಲಿ ಸ್ಟಾರ್ಟ್ ಎಂಬ ಗುಂಡಿಯೂ, ಅದನ್ನು ಒತ್ತಿದರೆ ತೆರೆದುಕೊಳ್ಳುವ ಮೆನುವೂ ಬಂದವು. ಇನ್ನೇನು ಬೇಕು ಎನಿಸಬಹುದು. ಆದರೆ ತಂತ್ರಾಂಶಗಳು ಹೆಚ್ಚಿದಂತೆ ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಮತ್ತೊಂದು ಪಟ್ಟಿ ಬೆಳೆಯಿತು. ನಿತ್ಯದ ಕೆಲಸವು ಅಪರೂಪದ ಕೆಲಸಗಳ ಗುಂಪಿನಲ್ಲಿ ಕಳೆದುಹೋಯಿತು. ಆಗ ಮತ್ತೆ ಪುಟ್ಟ ತಂತ್ರಾಂಶಗಳು ನೆರವಿಗೆ ಬಂದವು. ಗಡಿಯಾರದ ಪಕ್ಕದಲ್ಲಿ ಸಣ್ಣದೊಂದು ಗುರುತಾಗಿ ಕುಳಿತು, ಮೌಸಿನಿಂದ ಅದನ್ನು ಮುಟ್ಟಿದೊಡನೆ ಬಳಕೆದಾರನು ತಾನೇ ಆರಿಸಿಟ್ಟ ಕೆಲವೇ ಹೆಸರುಗಳನ್ನು ಅವು ತೋರಿಸುತ್ತಿದ್ದವು.

ಈ ಬಗೆಯ ಪುಟ್ಟ ತಂತ್ರಾಂಶಗಳಲ್ಲಿ ಅನೇಕವು ಅಂಗಡಿಯ ಮೂಲಕ ಮಾರಾಟವಾದುವಲ್ಲ. ಅವು ಹರಡಿದ ರೀತಿಯನ್ನು ತಿಳಿಯುವುದು ಯಂತ್ರವನ್ನು ತಿಳಿಯುವುದಕ್ಕಿಂತಲೂ ಮುಖ್ಯ. 1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬವರು ಪಿ.ಸಿ.-ಟಾಕ್ ಎಂಬ ತಂತ್ರಾಂಶವನ್ನೂ, ಜಿಮ್ ನಾಫ್ ಎಂಬವರು ಪಿ.ಸಿ.-ಫೈಲ್ ಎಂಬ ತಂತ್ರಾಂಶವನ್ನೂ ಹೊಸದೊಂದು ಕ್ರಮದಲ್ಲಿ ಜನರಿಗೆ ಒಪ್ಪಿಸಿದರು. ‘ಇದನ್ನು ಬಳಸಿ ನೋಡಿ, ಸ್ನೇಹಿತರಿಗೂ ಪ್ರತಿಮಾಡಿ ಕೊಡಿ, ಉಪಯೋಗವೆಂದು ಕಂಡರೆ ಹಣ ಕಳುಹಿಸಿ’ ಎಂಬುದು ಆ ಕ್ರಮದ ಸಾರ. ಮರುವರ್ಷ ಬಾಬ್ ವ್ಯಾಲೇಸ್ ಎಂಬವರು ಪಿ.ಸಿ.-ರೈಟ್ ಎಂಬ ಬರವಣಿಗೆಯ ತಂತ್ರಾಂಶವನ್ನು ಹೀಗೆಯೇ ಹಂಚಿದರು. ಈ ಕ್ರಮಕ್ಕೆ ಶೇರ್‌ವೇರ್ ಎಂಬ ಹೆಸರು ನೆಲೆಗೊಂಡಿತು. ಹಂಚಿಕೊಳ್ಳುವ ಸರಕು ಎಂದು ಅದರ ಭಾವ.

ನಮ್ಮ ಹಳ್ಳಿಗಳಿಗೆ ಈ ಭಾವವು ಹೊಸದಲ್ಲ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಅಲ್ಲಿ ಕೂಲಿಯ ಚೀಟಿಯಿಲ್ಲ, ಕರಾರು ಪತ್ರವಿಲ್ಲ. ಇಂದು ನನ್ನ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನ ಗದ್ದೆಗೆ ನಾಳೆ ನಾನು ಹೋಗಲೇಬೇಕೆಂಬ ಮನಸ್ಸಿನ ಕಟ್ಟುಪಾಡೊಂದೇ ಅಲ್ಲಿ ಆಧಾರ. ಹೋಗದಿದ್ದರೆ ಯಾರೂ ದಂಡ ವಿಧಿಸರು. ಆದರೆ ಮುಂದಿನ ವರ್ಷ ಮುಯ್ಯಿಯೇ ನಿಂತುಹೋಗುತ್ತದೆ. ಶೇರ್‌ವೇರಿನ ಕರ್ತೃವೂ ಅಪರಿಚಿತರ ಪ್ರಾಮಾಣಿಕತೆಯನ್ನೇ ನಂಬಿದವನು. ನಿತ್ಯವೂ ಬಳಸಿ ಹಣ ಕೊಡದವನನ್ನು ಹಿಡಿಯುವವರು ಯಾರೂ ಇರಲಿಲ್ಲ. ಕಾವಲುಗಾರನಿಲ್ಲದ ತೋಟದಲ್ಲಿಯೇ ಪ್ರಾಮಾಣಿಕತೆಯ ಪರೀಕ್ಷೆ. ಕೊಟ್ಟವರಿಂದ ಕೆಲವು ತಂತ್ರಾಂಶಗಳು ಬೆಳೆದವು. ಕೊಡುವವರಿಲ್ಲದೆ ಹಲವು ಸೊರಗಿದವು.

ಇನ್ನು ಕನ್ನಡದ ವಿಷಯ. ಹಳ್ಳಿಯ ಶಾಲೆಯ ಹುಡುಗಿಯೊಬ್ಬಳು ಮೊದಲ ಬಾರಿಗೆ ಗಣಕದ ಮುಂದೆ ಕುಳಿತಳೆನ್ನಿ. ಅವಳಿಗೆ ಬುದ್ಧಿಯ ಕೊರತೆಯಿಲ್ಲ, ಹೇಳಬೇಕಾದ ಮಾತಿನ ಕೊರತೆಯೂ ಇಲ್ಲ. ಆದರೆ ಯಂತ್ರವು ಅವಳ ಭಾಷೆಯನ್ನು ಅರಿಯದು. ಹೀಗಿದ್ದಾಗ ಕಲಿಕೆಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ ಸರಿ. ಈ ಬಾಗಿಲನ್ನು ತೆರೆಯಲು ಶ್ರಮಿಸಿದವರಲ್ಲಿ ಕೆ.ಪಿ. ರಾವ್ ಅವರು ಪ್ರಮುಖರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ವರ್ಣಮಾಲೆಯನ್ನು ಅವರು ಕ್ರಮವಾಗಿ ಹೊಂದಿಸಿದರು. ‘ಕೆ’ ಕೀಲಿಯನ್ನು ಒತ್ತಿದರೆ ಅಲ್ಪಪ್ರಾಣವಾದ ‘ಕ’, ಅದನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣವಾದ ‘ಖ’ ಮೂಡುತ್ತದೆ. ನೀವು ವ್ಯಾಕರಣದಲ್ಲಿ ಓದಿದ ವರ್ಗಾಕ್ಷರಗಳ ನಿಯಮವೇ ಇಲ್ಲಿ ಬೆರಳಿನ ನಿಯಮವಾಗಿದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವು ಈ ವಿನ್ಯಾಸವನ್ನು ಸರಕಾರಿ ಕಚೇರಿಗಳಿಗೂ ಶಾಲೆಗಳಿಗೂ ಉಚಿತವಾಗಿ ತಲುಪಿಸಿತು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರು ರಚಿಸಿದ ಬರಹ ತಂತ್ರಾಂಶವು ಉಚಿತವಾಗಿ ದೊರೆತು, ದೇಶ ವಿದೇಶಗಳ ಕನ್ನಡಿಗರ ಮನೆಗಳನ್ನು ಸೇರಿತ್ತು.

ಇವು ಕೆಲಸ ಮಾಡುವ ರೀತಿಯನ್ನು ಗಮನಿಸಿರಿ. ನುಡಿಯು ಹಿನ್ನೆಲೆಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಸ್ಕ್ರೋಲ್ ಲಾಕ್ ಎಂಬ ಒಂದು ಕೀಲಿಯನ್ನು ತಟ್ಟಿದರೆ ಬೇರೆ ತಂತ್ರಾಂಶದ ಹಾಳೆಯ ಮೇಲೂ ಕನ್ನಡ ಮೂಡುತ್ತದೆ. ಮತ್ತೆ ತಟ್ಟಿದರೆ ಇಂಗ್ಲಿಷ್ ಮರಳುತ್ತದೆ. ಡಾಸ್ ಕಾಲದ ನೆಲೆಸಿರುವ ತಂತ್ರಾಂಶದ ಉಪಾಯವೇ ಇಲ್ಲಿ ಕನ್ನಡದ ಸೇವೆಗೆ ನಿಂತಿದೆ.

ಆದರೂ ಒಂದು ಅಪಾಯವಿತ್ತು. ಆರಂಭದ ಕನ್ನಡ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮ ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದವು. ಒಂದರಲ್ಲಿ ಬರೆದುದು ಇನ್ನೊಂದು ಗಣಕದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ದುಡಿದು ಬರೆದಿಟ್ಟ ಕಡತವು ಅಕ್ಷರವಿನ್ಯಾಸ ದೊರೆಯದ ಒಂದೇ ಕಾರಣಕ್ಕೆ ಮೂಕವಾಗಬಹುದಾಗಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯನ್ನು ರೂಪಿಸಹೊರಟ ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೂ 128 ಸ್ಥಾನಗಳನ್ನು ಮೀಸಲಿಟ್ಟಿತು. 2001ರ ವಿಂಡೋಸ್ ಎಕ್ಸ್.ಪಿ.ಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸವು ಸೇರಿತು. ಹಳೆಯ ಸಂಕೇತದ ಬರಹವನ್ನು ಯೂನಿಕೋಡಿಗೆ ಮಾರ್ಪಡಿಸುವ ಪುಟ್ಟ ತಂತ್ರಾಂಶಗಳೂ ಬಂದವು. ನಿಮ್ಮ ಶಾಲೆಯ ಹಳೆಯ ಗಣಕದಲ್ಲಿ ಅಂತಹ ಕಡತಗಳಿದ್ದರೆ, ಯಂತ್ರವು ಕೆಡುವ ಮೊದಲೇ ಅವುಗಳನ್ನು ಮಾರ್ಪಡಿಸಿ ಉಳಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಗಣಕವೆಂದರೆ ಎಸೆಯತಕ್ಕ ವಸ್ತುವೆಂದು ಭಾವಿಸಬಾರದು. ಅದರೊಳಗೆ ಸೀಸವೇ ಮೊದಲಾದ ವಿಷಕಾರಿ ಲೋಹಗಳಿರುತ್ತವೆ. ತಿಪ್ಪೆಗೆ ಎಸೆದರೆ ಮಣ್ಣಿಗೂ ನೀರಿಗೂ ಹಾನಿ. ನಡೆಯುತ್ತಿರುವಷ್ಟು ದಿನ ಅದಕ್ಕೊಂದು ಕೆಲಸ ಕೊಡುವುದು ಜಾಣತನ. ವಿಂಡೋಸ್ 98ರಿಂದ ವಿಂಡೋಸ್ 10ರವರೆಗಿನ ಗಣಕಗಳಲ್ಲಿ ಹೊಸ ತಂತ್ರಾಂಶವಿಲ್ಲದೆಯೇ ಕಿರುಪಟ್ಟಿಯನ್ನು ಮಾಡಿಕೊಳ್ಳಬಹುದು. ಒಂದು ಕೋಶವನ್ನು ತೆರೆದು, ನಿತ್ಯ ಬೇಕಾಗುವ ತಂತ್ರಾಂಶಗಳ ಶಾರ್ಟ್‌ಕಟ್ಟುಗಳನ್ನು ಅದರಲ್ಲಿ ಇಡಬೇಕು. ಪರದೆಯ ಕೆಳಗಿನ ಟಾಸ್ಕ್‌ಬಾರ್ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಟೂಲ್‌ಬಾರ್ಸ್ ಎಂಬಲ್ಲಿ ನ್ಯೂ ಟೂಲ್‌ಬಾರ್ ಎಂಬುದನ್ನು ಆರಿಸಿ, ಆ ಕೋಶವನ್ನು ತೋರಿಸಬೇಕು. ಕೋಶದ ಹೆಸರು ಕೆಳಗಿನ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತದೆ. ಅದರ ಪಕ್ಕದ ಗುರುತನ್ನು ಮುಟ್ಟಿದರೆ ನಿಮ್ಮ ಮೆನು ತೆರೆಯುತ್ತದೆ. ವಿಂಡೋಸ್ 11ರಲ್ಲಿ ಈ ಸೌಕರ್ಯವನ್ನು ತೆಗೆದುಹಾಕಲಾಗಿದೆ.

ಪಟ್ಟಿಯನ್ನು ಮಾಡುವಾಗ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಹೆಸರುಗಳು ಕೆಲವೇ ಇರಲಿ. ಎಲ್ಲವನ್ನೂ ಸೇರಿಸಿದ ಪಟ್ಟಿಯು ಪಟ್ಟಿಯಿಲ್ಲದಂತೆಯೇ. ಹೆಚ್ಚು ಬಳಸುವುದು ಮೇಲಿರಲಿ. ತಂತ್ರಾಂಶದ ಹೆಸರಿಗೆ ಬದಲು ‘ಪತ್ರ ಬರೆಯಲು’, ‘ಲೆಕ್ಕ ಮಾಡಲು’ ಎಂದು ಕೆಲಸದ ಹೆಸರನ್ನೇ ಕನ್ನಡದಲ್ಲಿ ಕೊಟ್ಟರೆ ಹೊಸಬರಿಗೂ ತಿಳಿಯುತ್ತದೆ. ತಂತ್ರಾಂಶವನ್ನು ಅದರ ಕರ್ತೃವಿನಿಂದ ಅಥವಾ ನಂಬಿಕೆಯ ಮೂಲದಿಂದಲೇ ಪಡೆಯಿರಿ. ವಿಂಡೋಸ್ ಎಕ್ಸ್.ಪಿ.ಗೆ 2014ರಲ್ಲಿಯೇ ಭದ್ರತೆಯ ಬೆಂಬಲವು ನಿಂತಿದೆ. ಅಂತಹ ಗಣಕವನ್ನು ಇಂಟರ್ನೆಟ್ಟಿಗೆ ಸೇರಿಸದೆ, ಬರವಣಿಗೆ ಮತ್ತು ಕಲಿಕೆಗೆ ಮಾತ್ರ ಬಳಸುವುದು ಕ್ಷೇಮ.

ದೊಡ್ಡ ಯಂತ್ರಗಳನ್ನು ನಿರ್ಮಿಸಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಆ ಯಂತ್ರವನ್ನು ಸಾಮಾನ್ಯನ ಬೆರಳಿಗೆ ಎಟುಕುವಂತೆ ಮಾಡಿದ ಪುಟ್ಟ ತಂತ್ರಾಂಶಗಳ ಕರ್ತೃಗಳನ್ನು ನೆನೆಯುವವರು ವಿರಳ. ಬಳಸುವವನು ತನ್ನ ಪಾಲಿನ ಋಣವನ್ನು ಅರಿಯಬೇಕು. ಬೆಲೆ ಕೇಳಿದವರಿಗೆ ಬೆಲೆಯನ್ನು ಕೊಡುವುದು ಒಂದು ಬಗೆಯ ಋಣಸಂದಾಯ. ಬೆಲೆ ಕೇಳದವರಿಂದ ಪಡೆದುದನ್ನು ಇನ್ನೊಬ್ಬರಿಗೆ ಕಲಿಸಿಕೊಡುವುದು ಮತ್ತೊಂದು ಬಗೆ. ಈ ಎರಡರಲ್ಲಿ ಒಂದಾದರೂ ನಮ್ಮಿಂದ ಆಗುತ್ತಿರಬೇಕು.

ಶಬ್ದಾರ್ಥ

ತೂಬು – ಕೆರೆ, ನಾಲೆಗಳಿಂದ ನೀರು ಬಿಡುವ ಕಂಡಿ
ಮುಯ್ಯಾಳು – ಕೂಲಿ ಪಡೆಯದೆ, ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡುವ ಆಳು
ಕರ್ತೃ – ರಚಿಸಿದವನು
ಋಣಸಂದಾಯ – ಸಾಲ ತೀರಿಸುವುದು
ಮಿತವ್ಯಯ – ಅಳತೆಯರಿತ ಖರ್ಚು
ಸ್ತಬ್ಧ – ಚಲನೆಯಿಲ್ಲದ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬ್ಯಾಚ್ ಕಡತವೆಂದರೇನು?
2. ಶೇರ್‌ವೇರ್ ಎಂಬ ಹೆಸರಿನ ಭಾವವೇನು?
3. ನುಡಿ ತಂತ್ರಾಂಶದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳನ್ನು ಬದಲಿಸುವ ಕೀಲಿ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ನೆಲೆಸಿರುವ ತಂತ್ರಾಂಶವು ಕೆಲಸ ಮಾಡುವ ರೀತಿಯನ್ನು ವಿವರಿಸಿರಿ.
2. ಆರಂಭದ ಕನ್ನಡ ತಂತ್ರಾಂಶಗಳಲ್ಲಿದ್ದ ಅಪಾಯ ಯಾವುದು? ಅದು ಹೇಗೆ ನಿವಾರಣೆಯಾಯಿತು?
3. ಶೇರ್‌ವೇರಿಗೂ ಮುಯ್ಯಾಳಿನ ಪದ್ಧತಿಗೂ ಇರುವ ಹೋಲಿಕೆಯನ್ನು ತಿಳಿಸಿರಿ.

ಇ. ಸಂದರ್ಭವನ್ನು ತಿಳಿಸಿ ವಿವರಿಸಿರಿ.
1. “ಕಾವಲುಗಾರನಿಲ್ಲದ ತೋಟದಲ್ಲಿಯೇ ಪ್ರಾಮಾಣಿಕತೆಯ ಪರೀಕ್ಷೆ.”
2. “ಎಲ್ಲವನ್ನೂ ಸೇರಿಸಿದ ಪಟ್ಟಿಯು ಪಟ್ಟಿಯಿಲ್ಲದಂತೆಯೇ.”

ಈ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ದೇವಾಲಯ, ಮಳೆಗಾಲ, ಒಂದೊಂದು, ಕೋಶವನ್ನು.
2. ‘ಕಿರುಬಾಗಿಲು’ ಎಂಬ ಪದವನ್ನು ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ.

ಉ. ಚಟುವಟಿಕೆ
ನಿಮ್ಮ ಶಾಲೆಯ ಗಣಕಕ್ಕೆ ಬೇಕಾದ ಐದು ಕೆಲಸಗಳ ಕನ್ನಡ ಮೆನುವೊಂದನ್ನು ಹಾಳೆಯ ಮೇಲೆ ಬರೆದು, ಅವುಗಳ ಕ್ರಮಕ್ಕೆ ಕಾರಣಗಳನ್ನು ತರಗತಿಯಲ್ಲಿ ಹೇಳಿರಿ.