ವಾರಂಟಿ ಇದ್ದೂ ದುಡ್ಡು ಕಟ್ಟಬೇಕೆ?

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಚೀಟಿ ಹಣಕ್ಕೆ ಬ್ಯಾಂಕ್ ಸಾಲ ಸೇರಿಸಿ ಕಳೆದ ವರ್ಷ ಮೊದಲ ಕಾರು ಕೊಂಡೆ. 3 ವರ್ಷ ವಾರಂಟಿ ಎಂದಿದ್ದರು. 14 ತಿಂಗಳಿಗೇ ಕ್ಲಚ್ ಹೋಯಿತು. 'ಇದು ವಾರಂಟಿಗೆ ಬರಲ್ಲ ಮೇಡಂ' ಎಂದು ಸರ್ವೀಸ್ ಸೆಂಟರಿನಲ್ಲಿ 12,000 ರೂಪಾಯಿ ಕೇಳುತ್ತಿದ್ದಾರೆ. 'ನಿನಗೆ ಓಡಿಸೋಕೆ ಬರಲ್ಲ, ಅದಕ್ಕೇ ಸುಟ್ಟುಹೋಯ್ತು' ಅಂತಾರೆ ನಮ್ಮ ಮನೆಯವರು. ನಿದ್ದೆ ಬರುತ್ತಿಲ್ಲ. ನಾನು ಮೋಸ ಹೋದೆನೇ?
– ಹೆಸರು ಬೇಡ, ಮಡಿಕೇರಿ

ಉತ್ತರ: ಆಸೆಪಟ್ಟು ಕೊಂಡ ಕಾರು ಇಷ್ಟು ಬೇಗ ಕೈಕೊಟ್ಟರೆ ಯಾರಿಗಾದರೂ ಸಂಕಟವೇ. ಅದರ ಮೇಲೆ ಅತ್ತ ಸರ್ವೀಸ್ ಸೆಂಟರಿನವರು ದುಡ್ಡು ಕೇಳುತ್ತಿದ್ದಾರೆ, ಇತ್ತ ಮನೆಯವರು ನಿಮ್ಮತ್ತಲೇ ಬೆರಳು ತೋರಿದ್ದಾರೆ. 12,000 ರೂಪಾಯಿಗಿಂತ ಮನೆಯವರ ಆ ಮಾತು ಹೆಚ್ಚು ಚುಚ್ಚಿದೆ ಎನಿಸುತ್ತದೆ. ನಿಮ್ಮ ಸಿಟ್ಟು, ಬೇಸರ ಎರಡೂ ಸಹಜ.

ಆದರೆ ನೀವು ಮೋಸ ಹೋದಿರಿ ಎಂದು ಈಗಲೇ ತೀರ್ಮಾನಿಸಬೇಡಿ. ಮಾರುವಾಗ '3 ವರ್ಷ ಯೋಚನೆಯೇ ಬೇಡ' ಎನ್ನುತ್ತಾರೆ, ನಾವೂ ನಂಬುತ್ತೇವೆ. ವಾರಂಟಿ ಪುಸ್ತಕ ಕೊಡುವ ಮಾತು ಅದಕ್ಕಿಂತ ಚಿಕ್ಕದು: ಕಂಪನಿ ಹಾಕಿದ ಸಾಮಾನಿನಲ್ಲೋ ಜೋಡಣೆಯಲ್ಲೋ ದೋಷವಿದ್ದರೆ ಅದರ ಖರ್ಚು ಕಂಪನಿಯದು. ಬ್ರೇಕ್ ಪ್ಯಾಡ್, ವೈಪರ್, ಕ್ಲಚ್ ಪ್ಲೇಟ್‌ನಂಥವು ಓಡಿಸಿದಷ್ಟೂ ಸವೆಯುತ್ತವೆ. ಅವುಗಳ ಸವೆತವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಟೈರು, ಬ್ಯಾಟರಿಗೆ ಅವುಗಳ ತಯಾರಕರದೇ ಬೇರೆ ವಾರಂಟಿ. ಮಳೆಗಾಲದಲ್ಲಿ ಎಂಜಿನ್ನಿಗೆ ನೀರು ನುಗ್ಗಿದರೆ ಅದು ಇನ್ಶೂರೆನ್ಸಿನ ಬಾಬ್ತು, ಅದೂ ಎಂಜಿನ್ ರಕ್ಷಣೆಗೆಂದು ಹೆಚ್ಚಿನ ಪ್ರೀಮಿಯಂ ಕಟ್ಟಿದ್ದರೆ ಮಾತ್ರ.

ಇನ್ನು ನಿಮ್ಮ ಡ್ರೈವಿಂಗ್. ಮಡಿಕೇರಿಯಲ್ಲಿ ಎತ್ತ ಹೊರಟರೂ ಏರು. ಗಾಡಿ ಹಿಂದಕ್ಕೆ ಜಾರೀತೆಂಬ ಭಯಕ್ಕೆ ಹೊಸಬರು ಹಾಫ್ ಕ್ಲಚ್‌ನಲ್ಲೇ ನಿಲ್ಲಿಸಿಕೊಳ್ಳುತ್ತಾರೆ, ಪ್ಲೇಟ್ ಉಜ್ಜಿ ಬಿಸಿಯಾಗಿ ಸವೆಯುತ್ತದೆ. ನಿಮ್ಮ ವಿಷಯದಲ್ಲೂ ಹೀಗೇ ಆಗಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿ ಏರಿನಲ್ಲಿ ಗಾಡಿ ಎತ್ತುವುದನ್ನು ರೂಢಿ ಮಾಡಿಕೊಂಡರೆ ಸಾಕು. 'ಓಡಿಸೋಕೇ ಬರಲ್ಲ' ಅನ್ನಿಸಿಕೊಳ್ಳುವಂಥ ತಪ್ಪು ಇದರಲ್ಲಿಲ್ಲ.

ಹಾಗೆಂದು ಸರ್ವೀಸ್ ಸೆಂಟರಿನವರು ಬಾಯಿಮಾತಲ್ಲಿ 'ವಾರಂಟಿಗೆ ಬರಲ್ಲ' ಎಂದಿದ್ದನ್ನು ಒಪ್ಪಿಕೊಂಡು ಬರಬೇಕಿಲ್ಲ. ಬಿಚ್ಚಿದ ಕ್ಲಚ್ ತೋರಿಸಿ ಎನ್ನಿ. ಪ್ಲೇಟಿನ ಮೈ ರಿವೆಟ್ ಮಟ್ಟಕ್ಕೆ ಒಂದೇ ಸಮ ತೆಳುವಾಗಿದ್ದರೆ ಅದು ಸವೆತವೇ. ಎಣ್ಣೆ ಜಿಡ್ಡು ಹಿಡಿದಿದೆಯೇ? ಹಾಗಿದ್ದರೆ ಒಳಗಿನ ಸೀಲ್ ಸೋರುತ್ತಿರಬಹುದು. ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಮುರಿದಿದೆಯೇ? ಇವೆರಡಕ್ಕೂ ಕಂಪನಿ ಉತ್ತರ ಕೊಡಬೇಕು. ಫೋಟೊ ತೆಗೆದುಕೊಳ್ಳಿ. ನಿರಾಕರಣೆಯ ಕಾರಣವನ್ನು ಜಾಬ್ ಕಾರ್ಡಿನ ಮೇಲೆ ಬರೆಸಿಕೊಂಡು, ಸರ್ವೀಸ್ ಬಿಲ್ಲುಗಳ ಜೊತೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಬರೀ ಸವೆತವೇ ಆಗಿದ್ದರೂ ಒಂದಿಷ್ಟು ರಿಯಾಯಿತಿ ಕೇಳಿ ನೋಡಿ, ಕೆಲವೊಮ್ಮೆ ಕೊಡುತ್ತಾರೆ.

ದೋಷ ಕಂಪನಿಯದೇ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು, ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಕಾರಿನ ಬೆಲೆ 10 ಲಕ್ಷದ ಒಳಗಿದ್ದರೆ ಶುಲ್ಕ 200 ರೂಪಾಯಿ ಮೀರುವುದಿಲ್ಲ. ಆದರೆ ಅದು ಸವೆತವೇ ಎಂದು ಕಣ್ಣಾರೆ ಕಂಡರೆ ಹಣ ಕಟ್ಟಿ ಗಾಡಿ ಬಿಡಿಸಿಕೊಳ್ಳಿ. ಅಷ್ಟಕ್ಕಾಗಿ ತಿಂಗಳುಗಟ್ಟಲೆ ಅಲೆಯುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಕ್ಲಚ್ ನೋಡಲು ಹೋಗುವಾಗ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ. ಅವರ ಸಿಟ್ಟಿನ ಹಿಂದೆ ಸಾಲದ ಕಂತಿನ ಚಿಂತೆಯೂ ಇರಬಹುದು. 'ನೀವು ಹಾಗಂದದ್ದು ನನಗೆ ತುಂಬಾ ನೋವಾಯ್ತು' ಎಂದು ಒಮ್ಮೆ ನೇರವಾಗಿ ಹೇಳಿ. ಇಷ್ಟಾದ ಮೇಲೂ ನಿದ್ದೆ ಬಾರದೆ ತಳಮಳ ಮುಂದುವರಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.