ಕಲ್ಲಿಗಿಂತ ಮೊದಲು ಕಸುಬು ಬರೆದಿಡು



ಅಜ್ಜನ ವರ್ಷದ ತಿಥಿಗೆ ಕಲ್ಲಿನಲ್ಲಿ ಕೆತ್ತಿಸಲು ನೀನು ಬರೆದ ಸಾಲು ಓದಿದೆ. ‘ಶ್ರಮಜೀವಿ, ಸಜ್ಜನ, ಆದರ್ಶ ಕುಟುಂಬಸ್ಥ.’ ಒಂದೂ ಸುಳ್ಳಲ್ಲ. ಆದರೆ ಈ ಮಾತು ನಮ್ಮೂರು ಮತ್ತೋಡಿನ ಯಾವ ಮನೆಯ ಹಿರಿಯರಿಗೂ ಒಪ್ಪುತ್ತದೆ. ಬಳೆಯ ಮಲಾರ ಹೊತ್ತು ಊರೂರು ನಡೆದು ಸಂಸಾರ ಸಾಕಿದ ಮನುಷ್ಯ ಇದರಲ್ಲಿ ಎಲ್ಲಿದ್ದಾರೆ? ಕಲ್ಲು ಬೇಡ ಎನ್ನುವುದಿಲ್ಲ, ಅದು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ್ದು. ಅದಕ್ಕಿಂತ ಮೊದಲು ಅವರ ಕಸುಬನ್ನು ಬರೆದಿಡು ಎಂಬುದಷ್ಟೇ ನನ್ನ ಹಟ.

ಕಸುಬನ್ನು ಬರೆದಿಡದೆ ಹೋದ ನಷ್ಟ ನಮ್ಮೂರಿಗೆ ಹಿಂದೊಮ್ಮೆ ಆಗಿದೆ. 1800-01ರಲ್ಲಿ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವ ಬಗೆಯನ್ನು ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸವುಳು ಮಣ್ಣಿನ ಕ್ಷಾರ, ಪುಡಿ ಮಾಡಿದ ಬಿಳಿಕಲ್ಲು, ಕಬ್ಬಿಣದ ಕರಿಮರಳು ಎಲ್ಲವೂ ಇಲ್ಲೇ ಸುತ್ತಮುತ್ತ ಸಿಗುತ್ತಿದ್ದವು. ಕುಲುಮೆಯಲ್ಲಿ ಕರಗಿ ಕಪ್ಪು, ಹಸಿರು, ಕೆಂಪು ಗಾಜಾಗುತ್ತಿದ್ದವು. ಇಂದು ಅಂಗಡಿಯ ಗಾಜಿನ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುತ್ತದೆ. ನಮ್ಮ ಕುಲುಮೆಗಳ ವಿಷಯ ಇಷ್ಟಾದರೂ ತಿಳಿದಿರುವುದು ಹೊರಗಿನವನೊಬ್ಬ ಬರೆದದ್ದರಿಂದ. ಅವನಿಗೆ ಬೇಕಿದ್ದದ್ದು ಸೀಮೆಯ ಉತ್ಪತ್ತಿಯ ವಿವರ. ಕುಲುಮೆಯ ಮುಂದೆ ಬೆಂದವರು ಯಾರು, ಅವರ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು ಎಂಬುದು ಬೇಕಿರಲಿಲ್ಲ. ಅದನ್ನು ಬರೆಯಬೇಕಾದವರು ಅವರ ಮಕ್ಕಳು. ಅವರಿಗೆ ಅಕ್ಷರ ಎಟುಕಿರಲಿಲ್ಲ. ನಿನಗೆ ಆ ನೆಪ ಇಲ್ಲ.

‘ಬಳೆ ಮಾರಿದ್ದರಲ್ಲಿ ಬರೆಯುವುದೇನಿದೆ’ ಎನ್ನಬಹುದು. ಹಾಗೆಂದರೆ ನನಗೆ ಸಿಟ್ಟು ಬರುತ್ತದೆ. ಕೈ ನೋಡಿದೊಡನೆ ಎರಡು-ನಾಲ್ಕೋ ಎರಡು-ಆರೋ ಎಂದು ಅಳತೆ ಹೇಳುವುದು, ಕೆಲಸ ಮಾಡಿ ಒರಟಾದ ಅಂಗೈಯನ್ನು ಮೆಲ್ಲಗೆ ಒತ್ತಿ ನೋಯಿಸದೆ ಗಾಜು ಏರಿಸುವುದು ವರ್ಷಗಟ್ಟಲೆ ಕಲಿತ ವಿದ್ಯೆ. ತೊಡಿಸುವಾಗ ಒಡೆದರೆ ನಷ್ಟ ಬಳೆಗಾರನದೇ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿ ಬಳೆಗಾರ ಚೆನ್ನಯ್ಯನಿಗೆ ಹೆಸರಿದೆ, ನಿಜ. ಆದರೂ ಅವನು ಹೊತ್ತು ತರುವುದು ಬೇರೆ ಮನೆಯ ಸುದ್ದಿಯನ್ನೇ. ಅವನ ಸ್ವಂತ ಮನೆಯ ಮಾತನ್ನು ಕವಿಯಿಂದ ನಿರೀಕ್ಷಿಸುವುದು ತಪ್ಪು, ಮೊಮ್ಮಗನಿಂದ ನಿರೀಕ್ಷಿಸಬಹುದು. ಉದ್ದರಿಯ ಮಾತು, ದುಡ್ಡಿನ ಬದಲು ರಾಗಿ ಅಳೆಸಿಕೊಂಡ ಮಾತು ಬರೆದರೆ ಮನೆತನದ ಮರ್ಯಾದೆ ಹೋಗುತ್ತದೆ ಎಂಬ ಅಳುಕೂ ನಿನಗಿರಬಹುದು. ಬರಗಾಲದ ಸೀಮೆಯಲ್ಲಿ ಸುಗ್ಗಿಯವರೆಗೆ ಕಾದು ವಸೂಲು ಮಾಡಿ, ಆ ನಡುವೆಯೂ ಮಕ್ಕಳ ಶಾಲೆ ಬಿಡಿಸದವರು ಅಜ್ಜ. ಒಳ್ಳೆಯ ಕುಟುಂಬಸ್ಥ ಎಂಬ ನಿನ್ನ ಮಾತಿಗೆ ಬೇರೆ ಸಾಕ್ಷಿ ಯಾವುದಿದೆ? ಅದನ್ನು ಮುಚ್ಚಿಟ್ಟರೆ ಉಳಿಯುವುದು ಬರೀ ಹೊಗಳಿಕೆ.

ಗದರಿದೆನೆಂದು ಬೇಸರ ಮಾಡಿಕೊಳ್ಳಬೇಡ. ನಿನ್ನ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ಅಜ್ಜಿ ಇನ್ನೂ ಇದ್ದಾರೆ. ರಾತ್ರಿ ದೀಪದ ಬೆಳಕಿನಲ್ಲಿ ಬಳೆಗಳನ್ನು ಅಳತೆವಾರು ಬೇರ್ಪಡಿಸಿ ಮಲಾರಕ್ಕೆ ಪೋಣಿಸಿಕೊಟ್ಟವರು ಅವರೇ. ಯಾವ ವಾರ ಯಾವ ಊರು, ಯಾವ ಜಾತ್ರೆ, ಯಾರ ಮನೆಯ ಸೀಮಂತ, ಎಲ್ಲವನ್ನೂ ಕೇಳಿ ಬರೆದುಕೋ. ಈ ಭಾನುವಾರವೇ ಹೋಗು. ಕಲ್ಲಿನ ವಿಷಯ ಆಮೇಲೆ ಮಾತಾಡೋಣ.