‘ಬಣ್ಣ’: ಒಂದು ತದ್ಭವದ ರೂಪ ಮತ್ತು ಅರ್ಥವಿಸ್ತಾರ

ಕರಿ, ಬಿಳಿ, ಕೆಂಪು, ಹಸಿರು ಇವು ದ್ರಾವಿಡ ಮೂಲದ ಪದಗಳು. ಇವೆಲ್ಲವನ್ನೂ ಒಳಗೊಳ್ಳುವ ಸಾಮಾನ್ಯವಾಚಕವಾದ ‘ಬಣ್ಣ’ ಮಾತ್ರ ಸ್ವೀಕೃತ ಪದ. ಅದು ಸಂಸ್ಕೃತ ‘ವರ್ಣ’ದ ತದ್ಭವವೆಂಬುದು ಸರ್ವವಿದಿತ. ಆದರೆ ‘ವರ್ಣ–ಬಣ್ಣ’ ಎಂಬ ಜೋಡಿಯನ್ನು ತದ್ಭವಗಳ ಪಟ್ಟಿಗೆ ಸೇರಿಸಿ ಮುಂದೆ ಸಾಗುವ ನಮ್ಮ ಬೋಧನಕ್ರಮ ಎರಡು ಸಂಗತಿಗಳನ್ನು ಮರೆಸುತ್ತದೆ: ಪದವು ಬಂದ ದಾರಿ ಮತ್ತು ಬಂದ ಮೇಲೆ ಅದು ಗಳಿಸಿಕೊಂಡ ಅರ್ಥ. ಇವೆರಡನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರೂಪ

ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆಂದೇ ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಐತಿಹಾಸಿಕ ದೃಷ್ಟಿಯಿಂದ ನೋಡಿದರೆ ಇಂತಹ ಎಷ್ಟೋ ಪದಗಳ ನಡುವೆ ಪ್ರಾಕೃತದ ಘಟ್ಟವೊಂದಿದೆ. ಸಂಸ್ಕೃತದಿಂದ ನೇರವಾಗಿ ಬಂದ ಪದಗಳಲ್ಲಿ ರೇಫಯುಕ್ತ ಸಂಯುಕ್ತಾಕ್ಷರವನ್ನು ಕನ್ನಡವು ಸ್ವರ ಸೇರಿಸಿ ಬಿಡಿಸುವುದುಂಟು: ಹರ್ಷ–ಹರುಷ, ವರ್ಷ–ವರುಷ. ‘ಬಣ್ಣ’ದಲ್ಲಿ ಹಾಗಾಗಿಲ್ಲ, ರೇಫವು ಣಕಾರದಲ್ಲಿ ಲೀನವಾಗಿ ದ್ವಿತ್ವ ಬಂದಿದೆ. ಈ ಸಮರೂಪತೆ ಪ್ರಾಕೃತದ ಲಕ್ಷಣ. ಆದ್ದರಿಂದ ವರ್ಣ > ವಣ್ಣ > ಬಣ್ಣ ಎಂಬ ಕ್ರಮವೇ ಸಮಂಜಸ. ಚೂರ್ಣ > ಚುಣ್ಣ > ಸುಣ್ಣ ಇದಕ್ಕೆ ಸಮಾನವಾದ ನಿದರ್ಶನ. ಮನೆಗೆ ‘ಸುಣ್ಣ ಬಣ್ಣ’ ಮಾಡಿಸುವಾಗ ನಾವು ಒಂದೇ ದಾರಿಯಲ್ಲಿ ಬಂದ ಎರಡು ಪದಗಳನ್ನು ಜೊತೆಯಾಗಿ ಬಳಸುತ್ತೇವೆ.

ವಕಾರವು ಬಕಾರವಾದುದು ಕನ್ನಡದ ಕೊಡುಗೆ. ತಮಿಳಿನ ವಣ್ಣಂ, ತೆಲುಗಿನ ವನ್ನೆ ವಕಾರವನ್ನು ಉಳಿಸಿಕೊಂಡಿವೆ. ತಮಿಳಿನ ವೇರ್, ವಿಲ್ ಎಂಬುವಕ್ಕೆ ಕನ್ನಡದಲ್ಲಿ ಬೇರು, ಬಿಲ್ಲು ಎಂಬ ರೂಪಗಳಿವೆ. ದೇಶ್ಯ ಪದಗಳಿಗೆ ಅನ್ವಯಿಸಿದ ನಿಯಮವೇ ವನ–ಬನ, ವರ್ಣ–ಬಣ್ಣಗಳಿಗೂ ಅನ್ವಯಿಸಿದೆ.

2. ಅರ್ಥ

ಸಂಸ್ಕೃತದಲ್ಲಿ ‘ವರ್ಣ’ಕ್ಕೆ ರಂಗು, ಅಕ್ಷರ, ಸಾಮಾಜಿಕ ವರ್ಗ ಎಂಬ ಅರ್ಥಗಳಿವೆ. ಕನ್ನಡವು ಇವನ್ನು ಹಂಚಿಕೊಂಡ ಬಗೆ ಗಮನಾರ್ಹ. ಶಾಸ್ತ್ರ ಮತ್ತು ಶ್ರೇಣಿಗೆ ಸಂಬಂಧಿಸಿದ ಅರ್ಥಗಳು ತತ್ಸಮದಲ್ಲೇ ಉಳಿದವು: ವರ್ಣಮಾಲೆ, ವರ್ಣಾಶ್ರಮ. ಇಲ್ಲಿ ‘ಬಣ್ಣ’ವನ್ನು ಇಟ್ಟರೆ ಮಾತು ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವ ರಂಗು ತದ್ಭವದ ಪಾಲಾಯಿತು. ಹೊಂಬಣ್ಣದಂತಹ ಸಮಾಸಗಳಲ್ಲಿ ಅದು ದೇಶ್ಯ ಪದದೊಡನೆ ಸಲೀಸಾಗಿ ಬೆರೆಯಿತು. ವರ್ಣಿಸುವ ಅರ್ಥ ಮಾತ್ರ ಎರಡು ಕಡೆಗೂ ಸಂದಿತು: ವರ್ಣಿಸು–ಬಣ್ಣಿಸು, ವರ್ಣನೆ–ಬಣ್ಣನೆ.

ಇನ್ನೊಂದು ಅರ್ಥಶಾಖೆ ಕನ್ನಡದ ನುಡಿಗಟ್ಟುಗಳಲ್ಲಿ ಬೆಳೆದಿದೆ. ಬಣ್ಣವು ಮೇಲೆ ಬಳಿಯುವ ಲೇಪ. ಲೇಪದಿಂದ ವೇಷ, ವೇಷದಿಂದ ಸೋಗು. ರಂಗಭೂಮಿಯಲ್ಲಿ ‘ಬಣ್ಣ ಹಚ್ಚು’ ಎಂದರೆ ಪಾತ್ರ ವಹಿಸು. ತೆಂಕುತಿಟ್ಟು ಯಕ್ಷಗಾನದ ‘ಬಣ್ಣದ ವೇಷ’ವು ರಾಕ್ಷಸಾದಿ ಪಾತ್ರಗಳ ಪಾರಿಭಾಷಿಕ ಹೆಸರು. ಲೋಕವ್ಯವಹಾರದಲ್ಲಿ ‘ಬಣ್ಣದ ಮಾತು’ ನಂಬಲಾಗದ ಮಾತು. ‘ಬಣ್ಣ ಬಯಲಾಗು’ ಎಂದರೆ ನಿಜಸ್ವರೂಪ ಹೊರಬೀಳು. ಹೀಗೆ ಮಾತಿಗೆ ಬಣ್ಣ ಸೇರಿದಾಗ ಒಂದು ಕಡೆ ಕಾವ್ಯದ ಬಣ್ಣನೆ, ಇನ್ನೊಂದು ಕಡೆ ವಂಚನೆ ಹುಟ್ಟಿತು.

‘ವರ್ಣ’ವನ್ನು ‘ಆವರಿಸು’ ಎಂಬರ್ಥದ ವೃ ಧಾತುವಿಗೆ ಸಂಬಂಧಿಸುವುದು ವಾಡಿಕೆ. ಮರೆಮಾಚುವ ಅರ್ಥ ಅಲ್ಲಿಂದಲೇ ಬಂತೆಂದು ವಾದಿಸುವುದು ಸುಲಭ, ಆದರೆ ಸರಿಯಲ್ಲ. ‘ಬಯಲಾಗು’, ‘ಹಚ್ಚು’ ಮುಂತಾದ ಕನ್ನಡ ಕ್ರಿಯಾಪದಗಳ ಸಹವಾಸದಲ್ಲಿ ಮೂಡಿದ ಅರ್ಥವನ್ನು ಬಳಕೆಯಿಂದಲೇ ವಿವರಿಸಬೇಕು.

ಒಟ್ಟಿನಲ್ಲಿ, ತದ್ಭವವನ್ನು ಮೂಲದ ಕೆಟ್ಟ ರೂಪವೆಂದು ಬೋಧಿಸುವುದು ಅಪೂರ್ಣ. ‘ವರ್ಣ’ದ ಕೆಲವು ಅರ್ಥಗಳನ್ನು ಬಿಟ್ಟುಕೊಟ್ಟ ‘ಬಣ್ಣ’ವು ತನ್ನದೇ ಅರ್ಥಗಳನ್ನು ಕಟ್ಟಿಕೊಂಡಿದೆ. ತದ್ಭವಗಳ ಪಾಠದಲ್ಲಿ ರೂಪದ ಜೋಡಿಯ ಜೊತೆಗೆ ಅರ್ಥದ ಹಂಚಿಕೆಯನ್ನೂ ತೋರಿಸಿದರೆ ಕನ್ನಡದ ಸ್ವೀಕಾರಶಕ್ತಿ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುತ್ತದೆ.